ಮೆಲಿಖೊವೊ: ಡಾಕ್ಟರು ಬಿಟ್ಟುಹೋದ ಹಳ್ಳಿ

ಸ್ಮರಣ ಸಂಚಿಕೆಗೆ ಬರೆಯಲು ಕೂತಾಗ ಚೆಕಾವನ ಒಂದು ಪುಟ್ಟ ಪ್ರಹಸನ ನೆನಪಾಗಿ ಕೈ ತಡೆಯುತ್ತದೆ. ಒಂದು ಬ್ಯಾಂಕಿಗೆ ಹದಿನೈದು ವರ್ಷ ತುಂಬಿದ ಸಂಭ್ರಮ. ಅಧ್ಯಕ್ಷನ ವರದಿಯನ್ನು ಬರೆದು ಬರೆದು ಗುಮಾಸ್ತನಿಗೆ ತಲೆ ಕೆಟ್ಟಿದೆ. ಕೊನೆಗೆ ಸಮಾರಂಭವೇ ಗಲಾಟೆಯಲ್ಲಿ ಮುಳುಗುತ್ತದೆ. ಉತ್ಸವಗಳ ಬಗ್ಗೆ ಇಂಥ ಅಭಿಪ್ರಾಯವಿದ್ದವನ ಮನೆಯೇ 1940ರಲ್ಲಿ ಸಂಗ್ರಹಾಲಯವಾಗಿ, ಎಂಟು ದಶಕ ದಾಟಿ ನಿಂತಿದೆ. ಅವನು ನಕ್ಕಾನು ಎಂಬ ಎಚ್ಚರ ಇಟ್ಟುಕೊಂಡೇ ಬರೆಯಬೇಕು.

ಮಾಸ್ಕೋದಿಂದ ಕುರ್ಸ್ಕ್ ಕಡೆ ಹೋಗುವ ರೈಲುದಾರಿಯಲ್ಲಿ, ಸುಮಾರು 70 ಕಿಲೋಮೀಟರ್ ದಕ್ಷಿಣಕ್ಕೆ, ಈಗ ಚೆಕಾವ್ ಎಂದೇ ಹೆಸರಿರುವ ಪಟ್ಟಣವಿದೆ. 1954ರವರೆಗೆ ಅದು ಲೊಪಾಸ್ನ್ಯಾ. ಅಲ್ಲಿ ಹರಿಯುವ, ಮುಂದೆ ಓಕಾ ನದಿಯನ್ನು ಸೇರುವ ಹೊಳೆಯ ಹೆಸರೂ ಅದೇ. ಅಲ್ಲಿಂದ ಪೂರ್ವಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಮೆಲಿಖೊವೊ. ನೋಡಲು ಬೆಟ್ಟವಿಲ್ಲ, ದೊಡ್ಡ ನದಿಯಿಲ್ಲ. ಜೇಡಿಮಣ್ಣಿನ ಬಯಲು, ಬರ್ಚ್ ಮರಗಳ ತೋಪು, ಹುಲ್ಲುಗಾವಲು, ಹದಿನೆಂಟನೆಯ ಶತಮಾನದ ಒಂದು ಮರದ ಚರ್ಚು. ವಸಂತದಲ್ಲಿ ಹಿಮ ಕರಗಿ ದಾರಿಯೆಲ್ಲ ಕೆಸರಾದರೆ ಗಾಡಿಯ ಚಕ್ರ ಹೂತುಹೋಗುತ್ತಿತ್ತು. ಈ ಹಳ್ಳಿಯ ಚರಿತ್ರೆಯಲ್ಲಿ ಆ ಕೆಸರಿಗೂ ಒಂದು ಪಾತ್ರವಿದೆ.

ಆಂತೊನ್ ಚೆಕಾವ್ ಈ ಜಮೀನು ಕೊಂಡದ್ದು 1892ರ ಚಳಿಗಾಲದಲ್ಲಿ, ಸೊರೊಖ್ತಿನ್ ಎಂಬ ಕಲಾವಿದನಿಂದ. ಬೆಲೆ 13,000 ರೂಬಲ್. ಒಂದಷ್ಟು ಕೈಯಿಂದ, ಉಳಿದದ್ದು ಸಾಲ. ವಿಸ್ತೀರ್ಣ 213 ದೆಸ್ಯಾತಿನ, ನಮ್ಮ ಲೆಕ್ಕದಲ್ಲಿ ಸುಮಾರು 575 ಎಕರೆ. ಮೊದಲು ನೋಡಿಬಂದವರು ತಂಗಿ ಮರಿಯಾ ಮತ್ತು ತಮ್ಮ ಮಿಖಾಯಿಲ್. ಎಲ್ಲೆಲ್ಲೂ ಹಿಮ ಹೊದ್ದಿದ್ದರಿಂದ ಗಡಿ ಎಲ್ಲಿ, ಗದ್ದೆ ಎಲ್ಲಿ ಎಂಬುದು ಅವರಿಗೆ ಸರಿಯಾಗಿ ಕಾಣಲೇ ಇಲ್ಲ. ನಮ್ಮಲ್ಲಿ ಪಹಣಿ ನೋಡದೆ ಯಾರಾದರೂ ಜಮೀನು ಕೊಂಡರೆ ಊರೇ ಆಡಿಕೊಂಡೀತು. ಮಾರ್ಚಿನಲ್ಲಿ ಕುಟುಂಬ ಬಂದು ಇಳಿಯಿತು. ಅವನ ಅಜ್ಜ ಯೆಗೋರ್ ಜಮೀನ್ದಾರನ ಒಡೆತನದಲ್ಲಿದ್ದ ಜೀತದಾಳು. 1841ರಲ್ಲಿ ದುಡ್ಡು ಕಟ್ಟಿ ತನ್ನನ್ನೂ ಮನೆಯವರನ್ನೂ ಬಿಡಿಸಿಕೊಂಡವನು. ಅರ್ಧ ಶತಮಾನ ಕಳೆದು ಮೊಮ್ಮಗ ಜಮೀನ್ದಾರನಾದ. ಪತ್ರಗಳಲ್ಲಿ ಅವನು ಈ ವಿಷಯದಲ್ಲಿ ತನ್ನನ್ನು ತಾನೇ ಗೇಲಿ ಮಾಡಿಕೊಂಡಿದ್ದಾನೆ.

ಬೇಸಾಯದಲ್ಲಿ ಅವನೇನೂ ಹೆಸರು ಮಾಡಲಿಲ್ಲ. ಕೆರೆ ತೋಡಿಸಿದ, ಸೇಬು, ಚೆರ್ರಿ ಗಿಡ ನೆಟ್ಟ. ಮರಿಯಾಳ ತರಕಾರಿ ತೋಟಕ್ಕೆ 'ಫ್ರಾನ್ಸಿನ ದಕ್ಷಿಣ' ಎಂದು ಹೆಸರಿಟ್ಟರು. ಕುಳ್ಳಗಾಲಿನ ಎರಡು ನಾಯಿಗಳನ್ನು ಬ್ರೋಮ್, ಹೀನಾ ಎಂದು ಕರೆದರು, ಅಂದರೆ ಬ್ರೋಮೈಡ್ ಮತ್ತು ಕ್ವಿನೈನ್. ಔಷಧಿ ಕಪಾಟಿನಿಂದ ನಾಯಿಗೆ ಹೆಸರು ಇಳಿಯುವುದು ಡಾಕ್ಟರ ಮನೆಯಲ್ಲಿ ಮಾತ್ರ.

ಆ ಊರಿನವರ ಪಾಲಿಗೆ ಅವನು ಮೊದಲು ಡಾಕ್ಟರು. ಕತೆಗಾರ ಎಂಬುದು ಆಮೇಲಿನ ಮಾತು. ಡಾಕ್ಟರು ಊರಿನಲ್ಲಿದ್ದಾರೆ ಎಂದು ತಿಳಿಯಲು ಮನೆಯ ಮೇಲೆ ಬಾವುಟ ಏರಿಸುತ್ತಿದ್ದರಂತೆ. ಬೆಳಕು ಹರಿಯುವ ಮುಂಚೆಯೇ ಅಂಗಳದಲ್ಲಿ ರೋಗಿಗಳು. 1892ರ ಬೇಸಿಗೆಯಲ್ಲಿ ವೋಲ್ಗಾ ಕಡೆಯಿಂದ ಕಾಲರಾ ಮೇಲೇರಿ ಬಂತು. ಝೆಮ್ಸ್ತ್ವೊ ಎಂಬ ಸ್ಥಳೀಯ ಆಡಳಿತ (ನಮ್ಮ ಹಳೆಯ ತಾಲ್ಲೂಕು ಬೋರ್ಡಿನಂಥದ್ದು) ಅವನಿಗೆ 25 ಹಳ್ಳಿ, 4 ಕಾರ್ಖಾನೆ, 1 ಮಠ ಇರುವ ಒಂದು ವಿಭಾಗ ಒಪ್ಪಿಸಿತು. ಸಂಬಳ ಬೇಡವೆಂದ. ಔಷಧಿಗೆ, ರೋಗಿಗಳನ್ನು ಇಡುವ ಕೊಠಡಿಗಳಿಗೆ ಉಳ್ಳವರ ಬಾಗಿಲಿಗೆ ಹೋಗಿ ಕೈಚಾಚಿದ. ಕಾಲರಾ ಅವನ ಹಳ್ಳಿಗಳೊಳಗೆ ನುಗ್ಗಲಿಲ್ಲ. ಆದರೆ ಮಿಕ್ಕ ರೋಗಗಳು ಕಾಯಲಿಲ್ಲ. ಆಗಸ್ಟಿನಿಂದ ಅಕ್ಟೋಬರ್ ನಡುವೆ ಚೀಟಿಯಲ್ಲಿ ಬರೆದುಕೊಂಡ ರೋಗಿಗಳೇ 500. ಒಟ್ಟು ನೋಡಿದವರು ಸಾವಿರಕ್ಕೆ ಕಡಿಮೆಯಿರಲಾರರು ಎಂಬುದು ಅವನದೇ ಅಂದಾಜು. ಆ ವರ್ಷವೇ 'ವಾರ್ಡ್ ನಂಬರ್ ಆರು' ಅಚ್ಚಾಯಿತು. ರೋಗಿಗಳ ಕಡೆ ತಿರುಗಿ ನೋಡದೆ ತತ್ತ್ವ ಹೇಳುತ್ತ ಕೂತ ಡಾಕ್ಟರನ ಕತೆಯದು. ಅದನ್ನು ಬರೆದವನ ಅಂಗಳ ಹೇಗಿತ್ತು ಎಂದು ತಿಳಿದು ಓದಿದರೆ ಕತೆಯ ಸಿಟ್ಟು ಇನ್ನಷ್ಟು ಸುಡುತ್ತದೆ.

ಕೆಸರಿನ ಮಾತು ಬಾಕಿಯಿದೆ. ಟಪಾಲಿಗೆ ಪರದಾಟ, ದಾರಿಗೆ ಪರದಾಟ. ಚೆಕಾವ್ ಬೆನ್ನು ಹತ್ತಿ ಲೊಪಾಸ್ನ್ಯಾಗೆ ಅಂಚೆ ಕಚೇರಿ ತಂದ; ಅದು 1896ರ ಆರಂಭದಲ್ಲಿ ತೆರೆಯಿತು. ರಸ್ತೆಗಾಗಿಯೂ ಓಡಾಡಿದ. ಆದರೆ ಅವನು ಹೆಚ್ಚು ಬೆವರು ಹರಿಸಿದ್ದು ಶಾಲೆಗಳಿಗೆ. ಮೊದಲನೆಯದು ತಾಲೆಜ್ ಹಳ್ಳಿಯಲ್ಲಿ. ನಕ್ಷೆ, ಮರ, ಮೊಳೆ, ಬಡಗಿಗಳ ಲೆಕ್ಕ ಎಲ್ಲಕ್ಕೂ ಅವನೇ. 1896ರ ಆಗಸ್ಟ್ 4ರಂದು ಶಾಲೆಯ ಪ್ರವೇಶವಾಯಿತು. ತಾಲೆಜ್, ಬೆರ್ಶೊವೊ, ದುಬೆಚ್ನ್ಯಾ, ಶೆಲ್ಕೊವೊ ಹಳ್ಳಿಗಳ ರೈತರು ಅವನಿಗೆ ನಾಲ್ಕು ರೊಟ್ಟಿ, ಒಂದು ದೇವರ ಪಟ, ಎರಡು ಬೆಳ್ಳಿಯ ಉಪ್ಪಿನ ಬಟ್ಟಲು ಕೊಟ್ಟರು. ದಿನಚರಿಯಲ್ಲಿ ಅವನು ಇದನ್ನು ಒಣ ಲೆಕ್ಕದಂತೆ ಬರೆದಿಟ್ಟಿದ್ದಾನೆ. ದುಬೆಚ್ನ್ಯಾ ಎಂಬ ಹೆಸರು ಅದೇ ವರ್ಷದ 'ನನ್ನ ಬದುಕು' ಕತೆಯೊಳಗೆ ಸೇರಿಕೊಂಡಿತು. ಅಲ್ಲಿಯೂ ಶಾಲೆ ಕಟ್ಟುವ ಪ್ರಸಂಗವಿದೆ, ಅಲ್ಲಿಯ ರೈತರು ವೋಡ್ಕಾ ಕೇಳಿ ಪೀಡಿಸುತ್ತಾರೆ.

ಎರಡನೆಯ ಶಾಲೆ ನೊವೊಸ್ಯೊಲ್ಕಿಯಲ್ಲಿ, 1897ರಲ್ಲಿ. ಝೆಮ್ಸ್ತ್ವೊ ಕೊಟ್ಟದ್ದು 1,000 ರೂಬಲ್, ರೈತರು ಕೂಡಿಸಿದ್ದು 300. ಬೇಕಾದದ್ದು 3,000ಕ್ಕೆ ಕಡಿಮೆಯಿಲ್ಲ. ಉಳಿದದ್ದಕ್ಕೆ ಸಾಹಿತಿಯ ಜೇಬು, ಸೆರ್ಪುಖೊವ್‌ನಲ್ಲಿ ಆಡಿಸಿದ ಸಹಾಯಾರ್ಥ ನಾಟಕ, ಗೆಳೆಯರ ಪರಿಚಯ. ಹಳ್ಳಿಯಲ್ಲಿ ಶಾಲಾ ಕಟ್ಟಡ ಸಮಿತಿಯ ಕಾರ್ಯದರ್ಶಿಯಾಗಿದ್ದವರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ವರ್ಷ ಜನಗಣತಿಯೂ ಬಂತು. ಗಣತಿದಾರರ ಒಂದು ತಂಡದ ಮೇಲ್ವಿಚಾರಣೆ ಹೊತ್ತು ಅವನು ಗುಡಿಸಲಿಂದ ಗುಡಿಸಲಿಗೆ ಅಲೆದ. ಮಾರ್ಚಿನಲ್ಲಿ ಮಾಸ್ಕೋದ ಹೋಟೆಲೊಂದರಲ್ಲಿ ಊಟಕ್ಕೆ ಕೂತಾಗ ಬಾಯಿಂದ ರಕ್ತ ಬಂತು. ಕ್ಷಯ ಎಂದು ಇತರ ಡಾಕ್ಟರುಗಳು ಹೇಳಿದರು. ಅವನು ಎಷ್ಟೋ ವರ್ಷಗಳಿಂದ ಅದನ್ನು ಕಂಡೂ ಕಾಣದಂತೆ ಇದ್ದ.

ಆ ಏಪ್ರಿಲ್‌ನಲ್ಲಿ 'ರೈತರು' ಪ್ರಕಟವಾಯಿತು. ಕುಡಿತ, ಹೊಡೆತ, ಹಸಿವು, ತೆರಿಗೆಗೆ ಎತ್ತಿಕೊಂಡು ಹೋಗುವ ಸಮೊವಾರ್. ಹಳ್ಳಿಯನ್ನು ಅವನು ಎಲ್ಲೂ ಸಿಂಗರಿಸಲಿಲ್ಲ. ಒಂದು ಪುಟವನ್ನು ಸೆನ್ಸಾರ್ ಕಿತ್ತು ಹಾಕಿತು. ಹಳ್ಳಿಯನ್ನು ಹೊಗಳಿದವರಲ್ಲಿ ಬಹಳಷ್ಟು ಜನ ಅಲ್ಲಿ ಬಾವಿಗೆ ಒಂದು ಹಗ್ಗ ಸಹ ಕೊಡಿಸಿದವರಲ್ಲ ಎಂಬುದು ನನ್ನ ಅನುಮಾನ. ಇವನು ಬೈದ ಹಳ್ಳಿಗೇ ಶಾಲೆ ಕಟ್ಟಿದ.

ಈಗ ನೋಡಲು ಹೋಗುವವರ ಕಣ್ಣು ಮೊದಲು ಹುಡುಕುವುದು ತೋಟದ ನಡುವಿನ ಹೊರಮನೆಯನ್ನು. 1894ರಲ್ಲಿ ಕಟ್ಟಿಸಿದ, ಆಟಿಕೆಯಂಥ ಮರದ ಮನೆ. 1895ರ ಶರತ್ಕಾಲದಲ್ಲಿ 'ಸೀಗಲ್' ನಾಟಕ ಬರೆದದ್ದು ಇಲ್ಲಿ. ಅದರ ಬೀಜ ಮೂರು ವರ್ಷ ಹಳೆಯದು: 1892ರ ಏಪ್ರಿಲ್‌ನಲ್ಲಿ ಚಿತ್ರಕಾರ ಲೆವಿತಾನ್ ಇಲ್ಲಿಗೆ ಬಂದಿದ್ದಾಗ ಒಂದು ಹಕ್ಕಿಗೆ ಗುಂಡು ಹೊಡೆದ. ರೆಕ್ಕೆ ಮುರಿದು ಬಿದ್ದ ಹಕ್ಕಿ ಕಣ್ಣರಳಿಸಿ ನೋಡುತ್ತಿತ್ತು. ಕೊಲ್ಲಲು ಲೆವಿತಾನನಿಗೆ ಕೈ ಬರಲಿಲ್ಲ, ಚೆಕಾವನೇ ಕೊಲ್ಲಬೇಕಾಯಿತು. ನಾಟಕದಲ್ಲಿ 23 ರೂಬಲ್ ಸಂಬಳಕ್ಕೆ ಗೋಳಾಡುವ ಶಾಲಾ ಮೇಷ್ಟ್ರು ಯಾವ ಹಾದಿಯಿಂದ ನಡೆದು ಬಂದನೆಂದು ಸುತ್ತಲ ಶಾಲೆಗಳನ್ನು ನೋಡಿದವರಿಗೆ ಗೊತ್ತಾಗುತ್ತದೆ.

ದೊಡ್ಡ ಮನೆಯ ಪಾಡು ಬೇರೆ. 1898ರ ಅಕ್ಟೋಬರಿನಲ್ಲಿ ತಂದೆ ಪಾವೆಲ್ ತೀರಿಕೊಂಡರು. ರೋಗ ಚೆಕಾವನನ್ನು ಯಾಲ್ಟಾದ ಬಿಸಿಲಿಗೆ ಅಟ್ಟಿತು. ಮರುವರ್ಷ ಜಮೀನು ಕೊನ್ಶಿನ್ ಎಂಬ ಮರದ ವ್ಯಾಪಾರಿಯ ಪಾಲಾಯಿತು. ಮುಂದೆ ಕೈ ಬದಲಾಗುತ್ತ, ಕ್ರಾಂತಿ ಕಳೆದು, ದೊಡ್ಡ ಮನೆ ಹಾಳಾಗಿ ಹೋಯಿತು, ಹೊರಮನೆ ಉಳಿಯಿತು. 1940ರಲ್ಲಿ ಸೆರ್ಪುಖೊವ್ ಸಂಗ್ರಹಾಲಯದ ಶಾಖೆಯಾಗಿ ಮೆಲಿಖೊವೊ ಆರಂಭವಾಯಿತು. ವರ್ಷ ಕಳೆಯುವಷ್ಟರಲ್ಲಿ ಯುದ್ಧ. ಜರ್ಮನ್ ಸೇನೆ ಸೆರ್ಪುಖೊವ್ ಹತ್ತಿರಕ್ಕೇ ಬಂತು, ಊರು ಮಾತ್ರ ಅವರ ಕೈಗೆ ಸಿಗಲಿಲ್ಲ. 1951ರಲ್ಲಿ ನಿರ್ದೇಶಕನಾದ ಯೂರಿ ಅವ್ದೇಯೆವ್, ಯುದ್ಧದಿಂದ ಮರಳಿದ ಚಿತ್ರಕಾರ, ಮನೆಯನ್ನು ಮತ್ತೆ ಎಬ್ಬಿಸುವ ಹಟ ತೊಟ್ಟ. ಮರಿಯಾ ಚೆಕಾವಾ ಯಾಲ್ಟಾದಿಂದ ಕೋಣೆ ಕೋಣೆಯ ನೆನಪು ಕೊಟ್ಟಳು. ಹಳೆಯ ಫೋಟೊಗಳಿದ್ದವು. ಎಲ್ಲಕ್ಕಿಂತ ಮಿಗಿಲಾಗಿ ಪಾವೆಲ್ ಚೆಕಾವರ ದಿನಚರಿಯಿತ್ತು: ಇಂದು ಎಷ್ಟು ಚಳಿ, ಯಾರು ಬಂದರು, ಯಾರು ಹೋದರು. ಮುದುಕರ ಇಂಥ ಬರವಣಿಗೆಯನ್ನು ಮನೆಯವರು ಯಾರೂ ಲೆಕ್ಕಕ್ಕಿಡುವುದಿಲ್ಲ; ಮನೆ ಬಿದ್ದ ಮೇಲೆ ಬೇಕಾದದ್ದು ಅದೇ. ಚೆಕಾವನ ಶತಮಾನೋತ್ಸವದ 1960ರಲ್ಲಿ ದೊಡ್ಡ ಮನೆ ಮತ್ತೆ ಬಾಗಿಲು ತೆರೆಯಿತು.

ಮೂರನೆಯ ಶಾಲೆಯ ಮಾತು ಉಳಿಯಿತು. ಅದು ಮೆಲಿಖೊವೊದ್ದೇ ಶಾಲೆ. ಅಕ್ಕಪಕ್ಕದ ಊರುಗಳಿಗೆ ಕಟ್ಟಿ ಮುಗಿಸಿದ ಮೇಲೆ ತನ್ನ ಊರಿನದಕ್ಕೆ ಕೈ ಹಾಕಿದ್ದ. ಅದು ಮುಗಿದದ್ದು 1899ರಲ್ಲಿ, ಮನೆ ಮಾರಿದ ವರ್ಷವೇ.