ಲೀವೆನ್‌ಹಾಕನ ಮುಚ್ಚಿದ ಮಸೂರ

ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹಾಕನು 1723ರಲ್ಲಿ ತೀರಿಕೊಂಡಾಗ 26 ಬೆಳ್ಳಿಯ ಸೂಕ್ಷ್ಮದರ್ಶಕಗಳನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬಿಟ್ಟುಹೋದನು. 19ನೆಯ ಶತಮಾನದಲ್ಲಿ ಅವೆಲ್ಲವೂ ಕಾಣೆಯಾದವು. ವಿದ್ವತ್ಸಂಸ್ಥೆಯ ವಶದಲ್ಲಿದ್ದರೆ ವಸ್ತು ಸುರಕ್ಷಿತವೆಂಬ ನಂಬಿಕೆಗೆ ಇದೊಂದು ಕಹಿ ಉತ್ತರ. ಮನೆಯಲ್ಲಿ ಉಳಿದಿದ್ದ ನೂರಾರು ಉಪಕರಣಗಳು 1747ರಲ್ಲಿ ಹರಾಜಾಗಿ ಚದುರಿದವು. ಇಂದು ಆತನವೆಂದು ಒಪ್ಪಲಾಗುವವು ಸುಮಾರು ಹನ್ನೆರಡು.

ಇವುಗಳಲ್ಲಿ ಕೊಳವೆಯಿಲ್ಲ. ಬೆರಳುದ್ದದ ಎರಡು ಲೋಹದ ತಗಡುಗಳ ನಡುವೆ ಒಂದೇ ಒಂದು ಪುಟ್ಟ ಮಸೂರ, ವಸ್ತುವನ್ನು ಅಂಟಿಸಲು ಸೂಜಿ, ಅದನ್ನು ಸರಿಸಲು ತಿರುಪು, ಇಷ್ಟೇ. ಶ್ರೇಷ್ಠ ಮಸೂರಗಳನ್ನು ಹೇಗೆ ಮಾಡಿದೆನೆಂದು ಲೀವೆನ್‌ಹಾಕನು ಯಾರಿಗೂ ಹೇಳಲಿಲ್ಲ. ತಿಳಿಯಬೇಕಾದರೆ ತಗಡುಗಳನ್ನು ಬಿಡಿಸಬೇಕು. ಬಿಡಿಸಿದರೆ ಸಂಗ್ರಹದ ವಸ್ತುವೇ ಕೆಡುತ್ತದೆ. ಹೀಗಾಗಿ ಮೂರು ಶತಮಾನಗಳ ಕಾಲ ಊಹೆಯೇ ಗತಿಯಾಯಿತು.

2021ರಲ್ಲಿ ಪ್ರಕಟವಾದ ಡಚ್ ಸಂಶೋಧಕರ ಅಧ್ಯಯನವು ಆ ಮುಚ್ಚುಮರೆಯನ್ನು ನೀಗಿತು. ನ್ಯೂಟ್ರಾನ್ ಕಿರಣಗಳು ಲೋಹವನ್ನು ಹಾದು ಒಳಗಿನ ಗಾಜಿನ ಆಕಾರವನ್ನು ತೋರಿಸಿದವು. ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುವ ಉಟ್ರೆಕ್ಟಿನ ಸೂಕ್ಷ್ಮದರ್ಶಕದಲ್ಲಿದ್ದುದು ಉಜ್ಜಿ ನಯಗೊಳಿಸಿದ ಮಸೂರವಲ್ಲ. ಗಾಜಿನ ಎಳೆಯನ್ನು ಜ್ವಾಲೆಗೆ ಹಿಡಿದು ಕರಗಿಸಿ ಪಡೆದ ಗುಂಡು, ಅದಕ್ಕಂಟಿದ ಸಣ್ಣ ತೊಟ್ಟಿನೊಡನೆ. ಈ ವಿಧಾನವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲೇ ಅಚ್ಚಿಸಿದ್ದನು. ಗುಟ್ಟೆಂದು ಕಾಪಾಡಿದ್ದು ಬಹುಶಃ ಊರಿಗೆಲ್ಲ ತಿಳಿದಿದ್ದ ಪಾಕವನ್ನೇ! ಆದರೆ ಅದೇ ಅಧ್ಯಯನದಲ್ಲಿ ಪರೀಕ್ಷಿಸಲಾದ ಇನ್ನೊಂದು ಉಪಕರಣದಲ್ಲಿ ಉಜ್ಜಿ ರೂಪಿಸಿದ ಮಸೂರವೇ ಇತ್ತು.