ಮರದಿಂದ ಬಿದ್ದ ಹಣ್ಣು ಯಾವ ವಿಭಕ್ತಿಯದು?

ಕಳೆದ ಬೇಸಿಗೆಯ ಒಂದು ಸಂಜೆ, ಚೆನ್ನೈನ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯ ಹುಡುಗಿ ಮಾದರಿ ಪ್ರಶ್ನೆಗಳ ಪುಸ್ತಕ ಹಿಡಿದು ಬಂದಳು. ಹತ್ತನೆಯ ತರಗತಿವರೆಗೆ ಬಳ್ಳಾರಿಯಲ್ಲಿ ಓದಿ, ಅಪ್ಪನಿಗೆ ವರ್ಗವಾದ್ದರಿಂದ ಇಲ್ಲಿಗೆ ಬಂದವಳು. ಕೇಂದ್ರೀಯ ವಿಶ್ವವಿದ್ಯಾಲಯ ಸೇರಲು ಬರೆಯುವ ಸಿಯುಇಟಿ ಪರೀಕ್ಷೆಗೆ ಭಾಷೆಯಾಗಿ ಕನ್ನಡವನ್ನೇ ಆರಿಸಿಕೊಂಡಿದ್ದಳು. 2022ರಲ್ಲಿ ಶುರುವಾದ ಆ ಪರೀಕ್ಷೆಯಲ್ಲಿ ಸರಿ ಉತ್ತರಕ್ಕೆ ಐದು ಅಂಕ, ತಪ್ಪಿದರೆ ಒಂದು ಅಂಕ ಕಡಿತ.

“ಅಕ್ಕಾ, ಇದನ್ನ ಸ್ವಲ್ಪ ನೋಡ್ರಿ” ಎಂದಳು. ಪ್ರಶ್ನೆ ಇಷ್ಟೇ: ‘ಮರದಿಂದ ಹಣ್ಣು ಬಿದ್ದಿತು’ ಎಂಬಲ್ಲಿ ಮೊದಲ ಪದ ಯಾವ ವಿಭಕ್ತಿಯಲ್ಲಿದೆ? ಅವಳು ತೃತೀಯಾ ಎಂದು ಗುರುತು ಹಾಕಿದ್ದಳು. ‘ಇಂದ’ ತೃತೀಯಾ ಪ್ರತ್ಯಯ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ನೆನಪಿತ್ತು. ಪುಸ್ತಕದ ಹಿಂದಿನ ಉತ್ತರ ಪಂಚಮಿ. “ನನ್ನ ಕನ್ನಡಾನೇ ತಪ್ಪೇನ್ರಿ?” ಎಂದು ಕೇಳಿದಳು. ತಮಿಳು ಊರಿಗೆ ಬಂದು ಎರಡು ವರ್ಷವಾದ ಮೇಲೆ ಆ ಸಂಶಯ ಹುಟ್ಟುವುದು ಸುಲಭ.

ತಪ್ಪು ಅವಳದಲ್ಲ. ಈ ಗೊಂದಲಕ್ಕೆ ಏಳುನೂರು ವರ್ಷ ದಾಟಿದೆ.

ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗ ಅವನ ಮುಂದಿದ್ದದ್ದು ಸಂಸ್ಕೃತ ವ್ಯಾಕರಣದ ಚೌಕಟ್ಟು. ಅಲ್ಲಿ ವಿಭಕ್ತಿಗಳು ಏಳು. ಕನ್ನಡಕ್ಕೂ ಏಳು ಪ್ರತ್ಯಯಗಳನ್ನು ಜೋಡಿಸಬೇಕು. ಮೂರನೆಯದಕ್ಕೆ ‘ಇಂ’ ಸಿಕ್ಕಿತು, ಐದನೆಯದಕ್ಕೆ ‘ಅತ್ತಣಿಂ’ ಬಂತು. ಈ ‘ಅತ್ತಣಿಂ’ ಅನ್ನು ಬಿಡಿಸಿದರೆ ‘ಅತ್ತಣ’ ಮತ್ತು ಅದೇ ‘ಇಂ’. ಅಂದರೆ ‘ಆ ಕಡೆಯಿಂದ’. ಹೊಸಗನ್ನಡದ ಪಠ್ಯಗಳು ಆ ಜಾಗಕ್ಕೆ ‘ದೆಸೆಯಿಂದ’ ತಂದವು. ಅದರಲ್ಲೂ ‘ದೆಸೆ’ ಎಂದರೆ ದಿಕ್ಕು, ಉಳಿದದ್ದು ‘ಇಂದ’. ಹೀಗೆ ಐದನೆಯ ಮನೆಯಲ್ಲಿ ಎರಡು ಸಲವೂ ಮೂರನೆಯ ಮನೆಯ ಪ್ರತ್ಯಯವೇ ಬಾಡಿಗೆಗೆ ಕೂತಿದೆ.

ಸಂಸ್ಕೃತದಲ್ಲಿ ಈ ತೊಂದರೆಯಿಲ್ಲ. ‘ವೃಕ್ಷೇಣ’ ಬೇರೆ, ‘ವೃಕ್ಷಾತ್’ ಬೇರೆ. ತಮಿಳಿನಲ್ಲೂ ಇಲ್ಲ. ಕತ್ತಿಯಿಂದ ಕೊಯ್ದರೆ ‘ಕತ್ತಿಯಾಲ್’, ಮರದಿಂದ ಬಿದ್ದರೆ ‘ಮರತ್ತಿಲಿರುಂದು’. ಎರಡಕ್ಕೂ ಒಂದೇ ‘ಇಂದ’ ಸಾಕೆಂದು ಬಗೆದದ್ದು ಕನ್ನಡ. ಮರದ ದೆಸೆಯಿಂದ ಹಣ್ಣು ಬಿತ್ತು ಎಂದು ಯಾವ ಊರಿನ ಯಾವ ತೋಟದಲ್ಲೂ ಯಾರೂ ಹೇಳುವುದಿಲ್ಲ.

ಈ ಏಳರ ಪಟ್ಟಿ ಪರೀಕ್ಷೆಯ ಸರಕಾದ ಕಥೆಗೆ ಚೆನ್ನೈ ಬಿಟ್ಟು ಹೋಗಬೇಕಿಲ್ಲ. 1812ರಲ್ಲಿ ಇಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಶುರುವಾಯಿತು. ಕಂಪನಿಯ ಕಿರಿಯ ಅಧಿಕಾರಿಗಳು ಅಲ್ಲಿ ದೇಶಭಾಷೆಗಳನ್ನು ಕಲಿತು ಪರೀಕ್ಷೆ ಕೊಡಬೇಕಿತ್ತು. ಪಾಸಾದರೆ ಭತ್ಯೆ ಏರುತ್ತಿತ್ತು. ಆ ಕಾಲೇಜಿನ ಹಿಂದಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್, ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದ್ದೇ ಬೇರೆ ಕುಟುಂಬ ಎಂದು 1816ರಲ್ಲಿ ತಮಿಳು, ತೆಲುಗು, ಕನ್ನಡದ ಧಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದ. 1820ರಲ್ಲಿ ಜಾನ್ ಮೆಕೆರೆಲ್ ಬರೆದ ಕನ್ನಡ ವ್ಯಾಕರಣ ಇಂಗ್ಲಿಷಿನಲ್ಲಿ ಮದರಾಸಿನಲ್ಲೇ ಅಚ್ಚಾಯಿತು.

1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್‌ನ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬಂತು. ಇಲ್ಲಿನ ವೈಯಾಕರಣರು ಸಂಸ್ಕೃತದ ಅನುಕ್ರಮಕ್ಕೆ ತಮ್ಮ ವಿಭಕ್ತಿಗಳನ್ನು ಹೊಂದಿಸಿಕೊಂಡಿದ್ದಾರೆ ಎಂಬುದನ್ನು ಅವನು ಅದರಲ್ಲಿ ಎತ್ತಿ ಹೇಳಿದ. ವಿಷಯ ತಿಳಿಯದೇ ಇರಲಿಲ್ಲ. ಆದರೆ ಮರುವರ್ಷವೇ, 1857ರಲ್ಲಿ, ಮದರಾಸು ವಿಶ್ವವಿದ್ಯಾಲಯ ಹುಟ್ಟಿತು, ಅದರ ಜೊತೆಗೆ ಮೆಟ್ರಿಕ್ಯುಲೇಶನ್ ಎಂಬ ಪ್ರವೇಶ ಪರೀಕ್ಷೆಯೂ ಬಂತು. ಇಂಗ್ಲಿಷಿನ ಜೊತೆ ಆರಿಸಿಕೊಳ್ಳಬಹುದಾದ ಭಾಷೆಗಳಲ್ಲಿ ಕನ್ನಡವೂ ಇತ್ತು. ಬಳ್ಳಾರಿ, ಮಂಗಳೂರುಗಳಷ್ಟೇ ಅಲ್ಲ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆಗುವವರೆಗೆ ಮೈಸೂರು ಸಂಸ್ಥಾನದ ಕಾಲೇಜುಗಳೂ ಮದರಾಸಿಗೇ ಸೇರಿದ್ದವು. ಎಲ್ಲಿಯ ಹುಡುಗನಾದರೂ ಈ ಊರಿನ ಅಳತೆಗೋಲಿಗೆ ನಿಲ್ಲಬೇಕಿತ್ತು.

ಸಾವಿರಾರು ಉತ್ತರಪತ್ರಿಕೆಗಳನ್ನು ಒಂದೇ ಅಳತೆಯಲ್ಲಿ ತಿದ್ದಬೇಕಾದಾಗ, ‘ಕನ್ನಡದಲ್ಲಿ ವಿಭಕ್ತಿ ಎಷ್ಟು ಎಂಬುದು ಚರ್ಚೆಯ ವಿಷಯ’ ಎಂಬ ಉತ್ತರಕ್ಕೆ ಅಂಕ ಕೊಡುವುದು ಕಷ್ಟ. ಏಳು ಸಾಲಿನ ಪಟ್ಟಿಯಾದರೆ ಸುಲಭ. ಪಂಡಿತರ ಚರ್ಚೆ ಒಂದು ಕಡೆ ಸಾಗಿತು, ಪಟ್ಟಿ ಇನ್ನೊಂದು ಕಡೆ ಉಳಿಯಿತು. ಇದೇ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಕನ್ನಡಕ್ಕೆ ದೊಡ್ಡ ಕೆಲಸ ಮಾಡಿದೆ. ಎ. ವೆಂಕಟರಾವ್ ಮತ್ತು ಎಚ್. ಶೇಷ ಅಯ್ಯಂಗಾರ್ 1930ರಲ್ಲಿ ‘ಕವಿರಾಜಮಾರ್ಗ’ವನ್ನು, ಮುಂದೆ ‘ಶಬ್ದಮಣಿದರ್ಪಣ’ವನ್ನೂ ಸಂಪಾದಿಸಿದರು. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟೆಲ್ ನಿಘಂಟು 1968ರಿಂದ ಇಲ್ಲಿಂದಲೇ ಹೊರಬಂತು. ಅನುವಾದ ಮಾಡುವಾಗ ನಾನು ದಿನವೂ ತೆರೆಯುವುದು ಅದನ್ನೇ. ಆದರೆ ಪ್ರವೇಶ ಪರೀಕ್ಷೆಗೆ ಕೂತವರ ಕೈಗೆ ಈ ಗ್ರಂಥಗಳು ಬರುವುದಿಲ್ಲ, ಪಟ್ಟಿ ಬರುತ್ತದೆ.

ಇಷ್ಟನ್ನೂ ಹುಡುಗಿಗೆ ಹೇಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ದಾರಿ. ಪಾಣಿನಿ ಎರಡು ವಿಷಯಗಳನ್ನು ಬೇರೆಬೇರೆ ಇಟ್ಟಿದ್ದಾನೆ ಎಂದೆ. ಹಣ್ಣು ಮರವನ್ನು ಬಿಟ್ಟು ಬಂತು ಎಂಬ ಅರ್ಥದ ಸಂಬಂಧ ಕಾರಕ. ಅದರ ಹೆಸರು ಅಪಾದಾನ. ಆ ಸಂಬಂಧ ತೋರಿಸಲು ಪದಕ್ಕೆ ಹತ್ತುವ ಗುರುತು ವಿಭಕ್ತಿ. ಪ್ರಶ್ನೆ ಕಾರಕ ಕೇಳಿದರೆ ಅಪಾದಾನ ಅನ್ನು. ಪ್ರತ್ಯಯ ಕೇಳಿದರೆ ‘ಇಂದ’, ತೃತೀಯಾ. ಬರೀ ‘ಯಾವ ವಿಭಕ್ತಿ’ ಎಂದು ಕೇಳಿ, ಅಗಲಿಕೆಯ ಅರ್ಥವಿರುವ ವಾಕ್ಯ ಕೊಟ್ಟು, ಆಯ್ಕೆಗಳಲ್ಲಿ ಪಂಚಮಿಯನ್ನೂ ಇಟ್ಟಿದ್ದರೆ, ಕೇಳಿದವರ ಮನಸ್ಸಿನಲ್ಲಿ ಇರುವುದು ಬಹುಮಟ್ಟಿಗೆ ಪಂಚಮಿಯೇ.

“ಹಂಗಾದ್ರ ಇದು?” ಎಂದು ಅದೇ ಪುಸ್ತಕದ ಹಿಂದಿನ ಒಂದು ಪುಟ ತೋರಿಸಿದಳು. ಅಲ್ಲಿ ವಿಭಕ್ತಿ ಪಲ್ಲಟದ ಪಾಠ. ‘ಮರದ ದೆಸೆಯಿಂದ’ ಎನ್ನಬೇಕಾದಲ್ಲಿ ‘ಮರದಿಂದ’ ಎಂದರೆ ಪಂಚಮಿಯ ಬದಲು ತೃತೀಯಾ ಬಂದಂತೆ ಎಂದಿತ್ತು. ‘ಹುಲಿಯ ದೆಸೆಯಿಂದ ಹೆದರಿದನು’ ಎನ್ನುವಲ್ಲಿ ‘ಹುಲಿಗೆ ಹೆದರಿದನು’ ಎಂಬುದೂ ಪಲ್ಲಟವೇ. ಇವು ನಮ್ಮ ಪಠ್ಯಗಳ ಹಳೆಯ ಉದಾಹರಣೆಗಳು. ಎಲ್ಲರೂ ಆಡುವ ಮಾತು ಅವುಗಳ ಲೆಕ್ಕದಲ್ಲಿ ಅದಲುಬದಲು, ಯಾರೂ ಆಡದ ಮಾತು ಮೂಲ. ಒಂದೇ ಪುಸ್ತಕ ‘ಮರದಿಂದ’ ಎಂಬುದನ್ನು ಒಂದು ಪುಟದಲ್ಲಿ ತೃತೀಯಾ, ಇನ್ನೊಂದರಲ್ಲಿ ಪಂಚಮಿ ಎಂದಿತ್ತು. ಹುಡುಗಿ ಅದನ್ನು ತಾನೇ ಕಂಡುಕೊಂಡಿದ್ದಳು.

“ನಿಜವಾದ ಪರೀಕ್ಷ್ಯಾಗೂ ಹಿಂಗೇ ಬಂದ್ರ?” ಎಂದಳು. ಸಿಯುಇಟಿಯ ತಾತ್ಕಾಲಿಕ ಉತ್ತರಗಳು ಹೊರಬಂದಾಗ ಪ್ರಶ್ನೆಗೆ 200 ರೂಪಾಯಿ ಕಟ್ಟಿ ಆಕ್ಷೇಪ ಸಲ್ಲಿಸಬಹುದು. ನಿನ್ನ ಬಳಿ ವಾದವಿದೆ ಎಂದೆ. ಅಲ್ಲಿಯವರೆಗೆ, ಐದು ಅಂಕಕ್ಕಾಗಿ, ಅರ್ಥ ನೋಡಿ ಪಂಚಮಿಗೆ ಗುರುತು ಹಾಕು. ಅವಳು ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆದುಕೊಂಡಳು: ‘ಉತ್ತರ ಪಂಚಮಿ. ಪ್ರತ್ಯಯ ತೃತೀಯಾ.’

ಮರುದಿನ ಕೆಲಸದ ಮೇಲೆ ನುಂಗಂಬಾಕ್ಕಂ ಕಡೆ ಹೋದಾಗ ಕಾಲೇಜ್ ರೋಡಿನಲ್ಲಿ ಆಟೋ ನಿಂತಿತು. ಕಂಪನಿಯ ಆ ಹಳೆಯ ಕಾಲೇಜಿನಿಂದಲೇ ರಸ್ತೆಗೆ ಆ ಹೆಸರು. ಈಗ ಅಲ್ಲಿರುವುದು ತಮಿಳುನಾಡು ಸರ್ಕಾರದ ಪರೀಕ್ಷಾ ನಿರ್ದೇಶನಾಲಯ.