ಸೀಸದ ಮೇಲಿನ ಅಕ್ಷರ

ರೋಮನ್ ನಾಣ್ಯವೆಂದರೆ ನಮಗೆಲ್ಲ ಒಂದು ಬಗೆಯ ಸಂಭ್ರಮ. ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲುದಾರಿಗೆಂದು ನೆಲ ಅಗೆಯುವಾಗ ಬೆಳ್ಳಿಯ ದಿನಾರಿಗಳ ನಿಧಿ ದೊರೆಯಿತು. ೧೯೬೫ರಲ್ಲಿ ಅದೇ ಊರಿನ ವಿಮಾನ ಕಾರ್ಖಾನೆಯ ವಠಾರದಲ್ಲಿ ಇನ್ನೊಂದು ನಿಧಿ ದೊರೆಯಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣರೂ, ಅವರ ತರುವಾಯ ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರರೂ ಉತ್ಖನನ ನಡೆಸಿದಾಗ ಅಲ್ಲಿಯೂ ರೋಮಿನ ಬೆಳ್ಳಿ ಕಾಣಿಸಿಕೊಂಡಿತು. ಪ್ರತಿವರ್ಷವೂ ಐದು ಕೋಟಿ ಸೆಸ್ಟರ್ಸಿನಷ್ಟು ಹಣವನ್ನು ಇಂಡಿಯಾ ದೇಶ ನುಂಗುತ್ತದೆಯೆಂದು ಪ್ಲಿನಿ ಎಂಬ ರೋಮನ್ ಪಂಡಿತ ಗೊಣಗಿದ್ದಾನಷ್ಟೆ. ಆ ಹಣದ ಚೂರುಪಾರು ನಮ್ಮ ಹೊಲಗಳಲ್ಲಿಯೂ ಉಳಿದಿದೆಯೆಂದರೆ ಯಾರಿಗೆ ಹಿಗ್ಗಾಗದು?

ಈ ನಾಣ್ಯಗಳನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ. ಮಣ್ಣಿನಲ್ಲಿದ್ದ ಬೆಳ್ಳಿ ಕಪ್ಪಡರುತ್ತದೆ, ನಿಜ, ಅಕ್ಷರಗಳು ಮುಚ್ಚಿಹೋಗಿರುತ್ತವೆ. ಆದರೂ ಹಿಂಬದಿಯಲ್ಲಿ ಗುರಾಣಿಗಳನ್ನು ನಡುವೆ ನಿಲ್ಲಿಸಿಕೊಂಡ ಇಬ್ಬರು ತರುಣರ ಆಕೃತಿ ಕಂಡರೆ ಅದು ಆಗಸ್ಟಸನದು. ಆ ತರುಣರು ಅವನ ದತ್ತುಪುತ್ರರಾದ ಗಾಯಸ್ ಮತ್ತು ಲೂಸಿಯಸ್. ಪೀಠದ ಮೇಲೆ ಕುಳಿತ ಹೆಂಗಸೊಬ್ಬಳು ಕಂಡರೆ ಬಹುಮಟ್ಟಿಗೆ ಟೈಬೀರಿಯಸನದು. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿಯಲ್ಲಿ ಬಹುಪಾಲು ಈ ಎರಡು ಜಾತಿಯದೇ. ಕ್ರಿ. ಶ. ೬೪ರ ಸುಮಾರಿಗೆ ನೀರೋ ದೊರೆ ಒಂದು ರೋಮನ್ ಪೌಂಡ್ ಬೆಳ್ಳಿಯಲ್ಲಿ ೮೪ಕ್ಕೆ ಬದಲಾಗಿ ೯೬ ದಿನಾರಿಗಳನ್ನು ಹೊಡೆಯಿಸತೊಡಗಿದ; ಬೆಳ್ಳಿಗೆ ಬೆರಕೆಯನ್ನೂ ಹೆಚ್ಚಿಸಿದ. ನಮ್ಮ ವರ್ತಕರು ತಕ್ಕಡಿ ಬಲ್ಲವರು. ಹಳೆಯ ನಾಣ್ಯವನ್ನೇ ಕೇಳಿ ಪಡೆದರೆಂದು ಕಾಣುತ್ತದೆ.

ಆದರೆ ನಾನು ಇಂದು ಹೇಳಹೊರಟದ್ದು ಈ ಅದೃಷ್ಟವಂತ ನಾಣ್ಯಗಳ ಮಾತಲ್ಲ. ಅದೇ ಕಾಲಕ್ಕೂ ಅದರ ಮುಂದಿನ ಶತಮಾನಗಳಿಗೂ ಸೇರಿದ, ನಮ್ಮ ಸೊರಬ ಶಿಕಾರಿಪುರಗಳ ಮಗ್ಗುಲಿನ, ಯಾರೂ ಹಿಗ್ಗದ ಸೀಸದ ಬಿಲ್ಲೆಗಳ ಮಾತು.

ವರದಾ ನದಿ ಸೊರಬದ ಸೀಮೆಯನ್ನು ದಾಟಿದರೆ ಬನವಾಸಿ. ಗ್ರೀಕ್ ಭೂಗೋಳಜ್ಞ ಟಾಲೆಮಿಗೂ ಹೆಸರು ತಿಳಿದಿದ್ದ ಊರು ಅದು. ಕದಂಬರಿಗಿಂತ ಹಿಂದೆ ಅಲ್ಲಿ ಆಳಿದವರು ಚುಟುಗಳು. ಅವರ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗೆಂದು ಒಮ್ಮೆ ಓದಿ ಮರೆಯುತ್ತಾರೆ. ಅವರನ್ನು ದೂರಿ ಫಲವಿಲ್ಲ. ಆ ಅರಸರು ನಮಗೆ ಬಿಟ್ಟುಹೋದದ್ದು ಎರಡು ಮೂರು ಶಾಸನ, ಒಂದಷ್ಟು ಸೀಸ. ಬನವಾಸಿ, ಕಾರವಾರ, ಚಂದ್ರವಳ್ಳಿಗಳಲ್ಲಿ ದೊರೆತ ಈ ಸೀಸದ ನಾಣ್ಯಗಳ ಒಂದು ಬದಿಯಲ್ಲಿ ಕಮಾನು ಕಮಾನಾಗಿ ಪೇರಿಸಿದ ಬೆಟ್ಟ, ಇನ್ನೊಂದು ಬದಿಯಲ್ಲಿ ಕಟಕಟೆಯೊಳಗಿನ ಮರ; ಬೆಟ್ಟದ ಸುತ್ತ ಬ್ರಾಹ್ಮೀ ಲಿಪಿಯಲ್ಲಿ ಪ್ರಾಕೃತದ ಒಂದು ಸಾಲು. ಅರಸನ ಹೆಸರು ಇರುವುದು ಆ ಸಾಲಿನಲ್ಲಿ.

ಸೀಸದ ಕಷ್ಟ ಸೀಸಕ್ಕೇ ಗೊತ್ತು. ಉಗುರಿನಿಂದ ಕೆರೆದರೂ ಗೀರು ಬೀಳುವ ಲೋಹ. ಸುಣ್ಣದ ಅಂಶವಿರುವ ಗಡಸು ನೀರಿನಲ್ಲಿ ಅದರ ಮೈಮೇಲೆ ತೆಳುವಾದ ಕವಚವೊಂದು ಕಟ್ಟಿಕೊಂಡು ಅದನ್ನು ಕಾಯುತ್ತದೆ. ಮಳೆನೀರಿನಂಥ ಮೆದು ನೀರಿಗೆ ಆ ಗುಣವಿಲ್ಲ. ಅದು ಸೀಸವನ್ನು ಮೆಲ್ಲಮೆಲ್ಲನೆ ತಿನ್ನುತ್ತದೆ. ಮಲೆನಾಡಿನ ಸೆರಗಿನಲ್ಲಿ ಮಳೆಗೆ ಬರವೆಲ್ಲಿ? ಎಲೆ ಕೊಳೆತ ಹುಳಿಮಣ್ಣೂ ಅದಕ್ಕೆ ಜೊತೆಗೂಡುತ್ತದೆ. ಹೀಗಾಗಿ ಬಿಲ್ಲೆಯ ಮೇಲೆ ಸುಣ್ಣ ಬಳಿದಂತೆ ಬೆಳ್ಳಗಿನ ಹಕ್ಕಳೆ ಕಟ್ಟುತ್ತದೆ. ನೋಡಿದವರು ಅದನ್ನು ಕಲ್ಲಿನ ಚಕ್ಕೆಯೆಂದೇ ಎಸೆಯಬೇಕು. ಎಸೆದರೆ ಒಳ್ಳೆಯದೇ, ಮಣ್ಣಿನಲ್ಲಿ ಇದ್ದೀತು. ತಂದು ತೊಳೆದರೆ ಕೆಟ್ಟಿತು!

ಸೊರಬದ ಕಡೆಯ ನನ್ನ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳ ಹಿಂದೆ ಅಂಥದೊಂದನ್ನು ಕಾಗದದಲ್ಲಿ ಸುತ್ತಿ ತಂದಿದ್ದ. "ಕೊಳೆಯಾಗಿತ್ತು ಸಾರ್. ನಮ್ಮಜ್ಜಿ ಹುಣಸೆಹಣ್ಣು, ಬೂದಿ ಹಾಕಿ ಚೆನ್ನಾಗಿ ತಿಕ್ಕಿಕೊಟ್ಟರು" ಎಂದ. ಅಜ್ಜಿಯ ಕೈ ಬಲವಾದ ಕೈ. ಬೆಟ್ಟದ ಎರಡು ಕಮಾನು ಉಳಿದಿದ್ದವು. ಸುತ್ತಲಿನ ಸಾಲಿನ ಜಾಗದಲ್ಲಿ ಕನ್ನಡಿಯ ನುಣುಪು. ದೇವರ ಮನೆಯ ತಾಮ್ರದ ಚೊಂಬಿಗೆ ಹುಣಸೆ ಸರಿಯಾದದ್ದೇ. ಹಳೆಯ ಲೋಹದ ಕತೆ ಬೇರೆ. ಎಷ್ಟೋ ಸಲ ನಾಣ್ಯದ ಮೂಲ ಮುಖ ಇರುವುದು ಒಳಗಿನ ಲೋಹದಲ್ಲಲ್ಲ, ಆ ಕಿಲುಬಿನ ಪದರದಲ್ಲಿಯೇ. ತಾಮ್ರದ ನಾಣ್ಯದಲ್ಲಿ ಮೇಲೆ ಹಸಿರು, ಅದರ ಕೆಳಗೆ ಕೆಂಪು, ಅದರ ಕೆಳಗೆ ಲೋಹ. ಹಸಿರನ್ನೆಲ್ಲ ಕಿತ್ತವನು ಅಕ್ಷರವನ್ನೂ ಅದರೊಡನೆ ಕಿತ್ತುಹಾಕಿದನೆಂದೇ ತಿಳಿಯಬೇಕು.

ಹಾಗಾದರೆ ಬಲ್ಲವರು ಮಾಡುವುದೇನು? ಸೀಸಕ್ಕೆ ಅರ್ಲ್ ಕೇಲಿ ಎಂಬ ಅಮೆರಿಕದ ರಸಾಯನ ಪಂಡಿತ ೧೯೫೫ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದ. ಅಥೆನ್ಸಿನ ಪುರಾತನ ಪೇಟೆಯಲ್ಲಿ ಸಿಕ್ಕ ಸೀಸದ ವಸ್ತುಗಳ ಮೇಲೆ ಮಾಡಿ ನೋಡಿದ್ದು ಅದು. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬಿಳಿಯ ಹಕ್ಕಳೆ ಕರಗುತ್ತದೆ. ಆಮೇಲೆ ಅಮೋನಿಯಂ ಅಸಿಟೇಟಿನಲ್ಲಿ ಉಳಿದ ಆಕ್ಸೈಡ್ ಹೋಗುತ್ತದೆ. ಈಗ ವಿದ್ಯುತ್ತಿನ ಮೂಲಕ ಹಕ್ಕಳೆಯನ್ನೇ ಮತ್ತೆ ಸೀಸವಾಗಿ ಮಾರ್ಪಡಿಸುವ ಕ್ರಮವೂ ಉಂಟು. ಕಿತ್ತುಹಾಕುವುದಕ್ಕಿಂತ ಇದು ಎಷ್ಟೋ ಮೇಲು. ತಾಮ್ರದ ಮೇಲೆ ತಿಳಿಹಸಿರು ಪುಡಿ ಚುಕ್ಕಿಚುಕ್ಕಿಯಾಗಿ ಹುಟ್ಟಿದರೆ ಅದು ಕ್ಲೋರೈಡಿನ ರೋಗ. ತೇವವಿದ್ದಷ್ಟು ದಿನವೂ ಹಬ್ಬುತ್ತದೆ, ಸೋಡಾ ದ್ರಾವಣದಲ್ಲಿ ವಾರಗಟ್ಟಲೆ ನೆನೆಯಿಸಬೇಕಾಗುತ್ತದೆ. ಇವೆಲ್ಲ ಪ್ರಯೋಗಶಾಲೆಯ ಕೆಲಸಗಳು. ಸೀಸ ವಿಷವೆಂಬುದನ್ನೂ ಮರೆಯಬಾರದು. ನಾಣ್ಯ ಹಿಡಿದ ಕೈಯಲ್ಲಿಯೇ ಎಲೆ‌ಅಡಿಕೆ ಮೆಲ್ಲುವ ನನ್ನ ಮಿತ್ರರೊಬ್ಬರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಹಕ್ಕಳೆ ಹೋದ ಮಾತ್ರಕ್ಕೆ ಓದು ಮುಗಿಯುವುದಿಲ್ಲ. ನಾಣ್ಯ ಒತ್ತುವ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಒಂದರಲ್ಲಿ ಸಾಲಿನ ಮೊದಲು ಬಿದ್ದಿದ್ದರೆ ಮತ್ತೊಂದರಲ್ಲಿ ಕೊನೆ ಬಿದ್ದಿರುತ್ತದೆ. ಹತ್ತಾರು ನಾಣ್ಯಗಳನ್ನು ಸಾಲಾಗಿಟ್ಟುಕೊಂಡು ಒಂದು ಸಾಲನ್ನು ಕೂಡಿಸಬೇಕು. ಇಲ್ಲಿ ಕನ್ನಡ ಮೇಷ್ಟ್ರಿಗೂ ಸ್ವಲ್ಪ ಕೆಲಸವಿದೆ. ಹುಳು ತಿಂದ ನಾಲ್ಕು ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಒಂದು ಪದ್ಯದ ಪಾಠವನ್ನು ನಿರ್ಣಯಿಸುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಅಲ್ಲಿರುವಂತೆ ಇಲ್ಲಿಯೂ ಪಾಠಾಂತರಗಳ ಜಗಳ. ೧೯೦೮ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಆಂಧ್ರ ನಾಣ್ಯಗಳ ಪಟ್ಟಿಯನ್ನು ಹೊರತಂದ ರಾಪ್ಸನ್ನರು ಒಂದು ನಾಣ್ಯವನ್ನು "ಚುಟುಕಡಾನಂದ"ನದೆಂದು ಓದಿದರು. "ಚುಟುಕುಲಾನಂದ"ನೆಂಬುದು ಮತ್ತೊಂದು ಪಾಠ. ಎರಡಕ್ಕೂ ಇರುವ ಅಂತರ ಎಷ್ಟು? ಕಕಾರದ ಕಾಲಿನಲ್ಲಿ ಕೂದಲೆಳೆಯಷ್ಟು ಒಂದು ಉಕಾರ, ಆಮೇಲೆ ಒಂದು ಅಕ್ಷರ. ಉಕಾರ ಬೀಳುವುದು ಅಕ್ಷರದ ತುದಿಯಲ್ಲಿ. ಸವೆತವೂ ತಿಕ್ಕಾಟವೂ ಮೊದಲು ತಿನ್ನುವುದು ಆ ತುದಿಯನ್ನೇ.

ಈ ಜಗಳದಲ್ಲಿ ಸಾಕ್ಷಿ ಹೇಳಲು ನಮ್ಮ ಸೀಮೆಯ ಕಲ್ಲುಗಳಿವೆ. ಬನವಾಸಿಯ ಮಧುಕೇಶ್ವರ ದೇವಾಲಯದ ಅಂಗಳದಲ್ಲಿರುವ ನಾಗಶಿಲ್ಪದ ಬರಹವೂ, ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಂಬದ ಬರಹವೂ ಹಾರಿತೀಪುತ್ರ ವಿಣ್ಹುಕಡ ಚುಟುಕುಲಾನಂದ ಸಾತಕರ್ಣಿಯನ್ನು ಹೆಸರಿಸುತ್ತವೆ. ಕಲ್ಲಿನಲ್ಲಿ "ಕುಲ" ಉಳಿದಿದೆ. ನಾಣ್ಯದ ಅರಸನೂ ಕಲ್ಲಿನ ಅರಸನೂ ಒಬ್ಬನೇ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಅದು ಮನೆತನದಲ್ಲಿ ಹಲವರು ಧರಿಸಿದ ಬಿರುದೂ ಇರಬಹುದು. ಆದರೆ ಓದು ಯಾವ ಕಡೆ ವಾಲಬೇಕೆಂಬುದು ತಿಳಿಯುತ್ತದೆ. ಮಳವಳ್ಳಿಯ ಅದೇ ಕಂಬದ ಮೇಲೆ ಮುಂದೆ ಕದಂಬ ಅರಸನೊಬ್ಬನ ದತ್ತಿಯೂ ಕೆತ್ತಲ್ಪಟ್ಟಿದೆ. ಅದೇ ತಾಲ್ಲೂಕಿನ ತಾಳಗುಂದದಲ್ಲಿ ಕುಬ್ಜ ಕವಿ ರಚಿಸಿದ ಸ್ತಂಭಶಾಸನ ಮಯೂರಶರ್ಮನ ಕತೆಯನ್ನು ಹೇಳುವುದರೊಡನೆ, ಅಲ್ಲಿಯ ಶಿವಾಲಯದಲ್ಲಿ ಸಾತಕರ್ಣಿ ಮೊದಲಾದ ಅರಸರು ಪೂಜೆ ಸಲ್ಲಿಸಿದ್ದರೆಂದೂ ನೆನೆಯುತ್ತದೆ. ಕದಂಬರ ಕವಿಗೆ ನೆನಪಿದ್ದ ಆ ಹೆಸರನ್ನು ಕಟ್ಟಿಕೊಡಲು ನಮಗೆ ಇರುವ ಸಾಧನಗಳಲ್ಲಿ ಈ ಸೀಸದ ಬಿಲ್ಲೆಯೂ ಒಂದು.

ಕರಗುವುದಕ್ಕೆ ೩೨೭ ಡಿಗ್ರಿ ಶಾಖ ಸಾಕಾದ ಲೋಹವಿದು. ಒಲೆಯ ಕೆಂಡದಲ್ಲಿಯೇ ಗುಂಡಾಗಿಬಿಡುತ್ತದೆ. ೧೮೭೮ರ ನಿಧಿ ಕಾನೂನು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಬಾಳುವ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕೆಂದು ವಿಧಿಸಿತು. ಸೀಸದ ಬಿಲ್ಲೆಗೆ ಹತ್ತು ರೂಪಾಯಿ ಯಾರು ಕಟ್ಟುತ್ತಾರೆ? ಚಿನ್ನವೆಂದಾದರೆ ಊರೇ ಕೂಡುತ್ತದೆ, ಸೀಸಕ್ಕೆ ಬೀಗರೂ ಬರುವುದಿಲ್ಲ. ಗದ್ದೆಯ ಬದುವಿನಲ್ಲಿ ಅಂಥದು ಯಾರಿಗಾದರೂ ಸಿಕ್ಕರೆ, ತಿಕ್ಕದೆ, ತೊಳೆಯದೆ, ಒಣಗಿದ ಕಾಗದದಲ್ಲಿ ಸುತ್ತಿ, ಯಾವ ಊರು, ಯಾವ ಸರ್ವೆ ನಂಬರು, ಎಷ್ಟು ಆಳ ಎಂಬುದನ್ನು ಅದರ ಮೇಲೆ ಬರೆದು ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಲ್ಲಿರುವ ವಸ್ತುಸಂಗ್ರಹಾಲಯದವರಿಗೆ ತಿಳಿಸಬಹುದು. ನನ್ನ ವಿದ್ಯಾರ್ಥಿ ತಂದ ಬಿಲ್ಲೆಯ ಅಂಚಿನಲ್ಲಿ, ಅಜ್ಜಿಯ ಬೆರಳು ತಲುಪದ ಒಂದೆಡೆ, ಭೂತಗನ್ನಡಿಗೆ ಒಂದೇ ಒಂದು ಅಕ್ಷರ ಸಿಕ್ಕಿತು: "ಸ". ಪ್ರಾಕೃತದಲ್ಲಿ ಅದು ಷಷ್ಠೀ ವಿಭಕ್ತಿಯ ಪ್ರತ್ಯಯ. ಇಂಥವನ "ದು" ಎಂದು ಅದರ ಅರ್ಥ.